ಮೊಬೈಲಿನ ಪ್ರಶ್ನೆಗೆ ಕೊಟ್ಟಿಗೆಯಲ್ಲಿ ನಿಂತು ಉತ್ತರ ಕೊಡಿ



ಈಚೆಗೆ ನಿಮ್ಮ ಕೊಟ್ಟಿಗೆಗೆ ಬಂದು ಹೋಗುವವರ ಕೈಯಲ್ಲಿ ಪುಸ್ತಕ, ಪೆನ್ನು ಕಾಣುವುದು ಕಡಿಮೆ. ಲಸಿಕೆ ಹಾಕಲು ಬಂದವರು ಕಿವಿಯೋಲೆಯ ನಂಬರ್ ನೋಡಿ ಮೊಬೈಲಿನಲ್ಲಿ ಒತ್ತುತ್ತಾರೆ. ಜಾನುವಾರು ಗಣತಿಗೆ ಬಂದವರೂ ಮೊಬೈಲಿನಲ್ಲೇ ತುಂಬಿಕೊಂಡು ಹೋದರು. ಬೆಳೆ ಸಮೀಕ್ಷೆಯಲ್ಲಿ 2020ರಿಂದ ರೈತರೇ ಆ್ಯಪ್ ಇಟ್ಟುಕೊಂಡು ತಮ್ಮ ಹೊಲದ ಫೋಟೋ ತೆಗೆದು ಕಳಿಸಬಹುದು. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆ ಬಾಗಿಲಿಗೆ ಬಂದ ಮೇಷ್ಟ್ರು, ಮೇಡಂಗಳು 60 ಪ್ರಶ್ನೆಗಳನ್ನು ಮೊಬೈಲ್ ನೋಡಿಕೊಂಡೇ ಕೇಳಿದರು. ಇದರ ಜೊತೆಗೆ ಸಂಘದ ವಾಟ್ಸಾಪ್ ಗುಂಪಿಗೆ ಆಗಾಗ ಒಂದು ಲಿಂಕ್ ಬರುತ್ತದೆ: "ಎಲ್ಲ ಸದಸ್ಯರು ಇದನ್ನು ಒತ್ತಿ ಮಾಹಿತಿ ತುಂಬಿ."

ನಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಿ ಸುಮ್ಮನಾಗುತ್ತೇವೆ. ಇಲ್ಲವೇ ಮಗನ ಕೈಗೆ ಫೋನ್ ಕೊಟ್ಟು "ಏನಾದರೂ ತುಂಬಿ ಕಳಿಸಪ್ಪ" ಎನ್ನುತ್ತೇವೆ. ಆ "ಏನಾದರೂ" ಮುಂದೆ ಯಾವ ರೀತಿ ನಿಮ್ಮ ಕೊಟ್ಟಿಗೆಗೇ ವಾಪಸು ಬರುತ್ತದೆ ಎಂಬುದನ್ನು ಹೇಳಲು ಈ ಲೇಖನ ಬರೆಯುತ್ತಿದ್ದೇನೆ. ಮೊದಲು ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಒಂದೇ ಮನೆ, ಎರಡು ಹಸು

ದೇವನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಸದಸ್ಯೆಯೊಬ್ಬರ ಮನೆಯಲ್ಲಿ ಎರಡು ಎಚ್.ಎಫ್. ಮಿಶ್ರತಳಿ ಹಸುಗಳಿದ್ದವು. ಕಪ್ಪು ಹೆಚ್ಚಿರುವುದು ಗೌರಿ, ಬಿಳುಪು ಹೆಚ್ಚಿರುವುದು ಲಕ್ಷ್ಮಿ. ಒಂದೇ ದಿನ ಎರಡಕ್ಕೂ ಓಲೆ ಹಾಕಿದೆವು. ಒಂದೇ ಕಟ್ಟಿನಿಂದ ತೆಗೆದ ಓಲೆಗಳಾದ್ದರಿಂದ ನಂಬರುಗಳು ಹೆಚ್ಚುಕಡಿಮೆ ಒಂದೇ ತರಹ ಇದ್ದವು. ಮಳೆ ಹನಿಯುತ್ತಿತ್ತು, ಸಿಗ್ನಲ್ ಇರಲಿಲ್ಲ. ಚೀಟಿಯಲ್ಲಿ ಎರಡು ನಂಬರ್ ಗೀಚಿಕೊಂಡು ಬಂದು ಸಂಜೆ ಮೊಬೈಲಿಗೆ ಏರಿಸಿದೆ. ಗೌರಿಯ ನಂಬರ್ ಲಕ್ಷ್ಮಿಗೆ, ಲಕ್ಷ್ಮಿಯದು ಗೌರಿಗೆ ಹೋಯಿತು. ನನಗೆ ಅದು ಗೊತ್ತೇ ಆಗಲಿಲ್ಲ. ಮೊಬೈಲೂ ಏನೂ ಹೇಳಲಿಲ್ಲ. ಎರಡೂ ಸರಿಯಾದ ನಂಬರುಗಳೇ, ಹಸು ಮಾತ್ರ ಅದಲುಬದಲು.

ಆ ತಾಯಿ ಹೆಚ್ಚು ಹಾಲು ಕೊಡುತ್ತಿದ್ದ ಗೌರಿಗೆ ಮಾತ್ರ ವಿಮೆ ಮಾಡಿಸಿದರು. ಆ ಕಾಗದಕ್ಕೂ ನಂಬರ್ ಹೋದದ್ದು ನನ್ನ ದಾಖಲೆಯಿಂದಲೇ. ಮುಂದೊಂದು ದಿನ ಹೊಟ್ಟೆ ಉಬ್ಬರ ಬಂದು ಗೌರಿ ತೀರಿಕೊಂಡಿತು. ಮರಣೋತ್ತರ ಪರೀಕ್ಷೆ ಆಯಿತು, ಓಲೆ ತೆಗೆದು ಕಳಿಸಿದ್ದೂ ಆಯಿತು. ವಿಮೆಯವರ ಪ್ರಶ್ನೆ ಬಂತು: "ನೀವು ವಿಮೆ ಮಾಡಿಸಿದ ನಂಬರಿನ ಹಸು ಇನ್ನೂ ನಿಮ್ಮ ಕೊಟ್ಟಿಗೆಯಲ್ಲೇ ಇದೆಯಲ್ಲಾ?"

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ವಿಮೆಯಲ್ಲಿ ಓಲೆಯೇ ರಾಸಿನ ಗುರುತು. ಓಲೆ ತಾಳೆಯಾಗದಿದ್ದರೆ ಪರಿಹಾರ ಇಲ್ಲ. ಆ ತಾಯಿ ನನ್ನ ಹತ್ತಿರ ಬಂದು, "ಡಾಕ್ಟ್ರೇ, ಸತ್ತಿದ್ದು ನಮ್ಮ ಗೌರಿ. ನಿಮ್ಮ ಮೊಬೈಲು ಲಕ್ಷ್ಮಿ ಸತ್ತಿದೆ ಅಂತಿದೆ. ನಾನು ಯಾರನ್ನ ನಂಬಲಿ?" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಕೊನೆಗೆ ಕಾಪಾಡಿದ್ದು ಅವರ ಮಗಳ ಫೋನಿನಲ್ಲಿದ್ದ ಒಂದು ಫೋಟೋ. ಸಂಕ್ರಾಂತಿಯಲ್ಲಿ ಕೊಂಬಿಗೆ ಬಣ್ಣ ಹಚ್ಚಿ ಗೌರಿಯ ಪಕ್ಕ ನಿಂತು ತೆಗೆಸಿಕೊಂಡದ್ದು. ದೊಡ್ಡದು ಮಾಡಿ ನೋಡಿದರೆ ಓಲೆಯ ಹನ್ನೆರಡೂ ಅಂಕಿ ಓದಲು ಬರುತ್ತಿತ್ತು. ತಪ್ಪು ನನ್ನದೆಂದು ಬರೆದುಕೊಟ್ಟೆ, ಫೋಟೋ ಲಗತ್ತಿಸಿದೆವು. ಹಣ ಬಂತು, ಆದರೆ ತಿಂಗಳುಗಟ್ಟಲೆ ತಡವಾಗಿ. ಅಷ್ಟರಲ್ಲಿ ಆ ಮನೆ ಒಂದೇ ಹಸುವಿನ ಹಾಲಿನಲ್ಲಿ ಸಂಸಾರ ನಡೆಸಿ, ಮಗಳ ಕಾಲೇಜು ಫೀಸಿಗೆ ಕೈಸಾಲ ಮಾಡಿತ್ತು.

ಅಂದಿನಿಂದ ನಾನು ನಂಬರ್ ಒತ್ತಿದ ಮೇಲೆ ಗಟ್ಟಿಯಾಗಿ ಓದುತ್ತೇನೆ. ಮನೆಯವರು ಓಲೆ ನೋಡಿಕೊಂಡು "ಹೂಂ" ಎಂದ ಮೇಲೆಯೇ ಮುಂದಿನ ರಾಸು.

ಇದು ಯಾರಿಗೆ ಬೇಕಾದ ಲೆಕ್ಕ?

"ನಮ್ಮ ಮನೆಯಲ್ಲಿ ಎಷ್ಟು ದನ ಇದ್ದರೆ ಸರ್ಕಾರಕ್ಕೇನು?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ದನಗಳ ಲೆಕ್ಕ ಹೊಸದಲ್ಲ. ದೇಶದಲ್ಲಿ ಮೊದಲ ಜಾನುವಾರು ಗಣತಿ ನಡೆದದ್ದು 1919-20ರಲ್ಲಿ. 2019ರ 20ನೇ ಗಣತಿಯಲ್ಲಿ ಕಾಗದ ಬಿಟ್ಟು ಟ್ಯಾಬ್ಲೆಟ್‌ನಲ್ಲಿ ಬರೆದುಕೊಂಡರು. ದೇಶದಲ್ಲಿ ಸುಮಾರು 53.6 ಕೋಟಿ ಜಾನುವಾರು, ಅದರಲ್ಲಿ ಸುಮಾರು 19.2 ಕೋಟಿ ದನಗಳು ಎಂದು ಲೆಕ್ಕ ಸಿಕ್ಕಿತು. 21ನೇ ಗಣತಿಗೆ 2024ರ ಅಕ್ಟೋಬರ್ 25ರಂದು ಚಾಲನೆ ಸಿಕ್ಕಿತು. ಇದು ಊರಿನ ಒಟ್ಟು ಲೆಕ್ಕ.

ಕಿವಿಯೋಲೆಯದು ಬೇರೆ. ಅದು ಒಂದೊಂದು ರಾಸಿನ ಲೆಕ್ಕ. ಹನ್ನೆರಡು ಅಂಕಿಯ ಆ ನಂಬರ್ ಇಡೀ ದೇಶದಲ್ಲಿ ಇನ್ನೊಂದು ರಾಸಿಗೆ ಇರುವುದಿಲ್ಲ. ಮೊದಲು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಇನಾಫ್ ವ್ಯವಸ್ಥೆಯಲ್ಲಿ, ಈಗ ಭಾರತ್ ಪಶುಧನ್ ಆ್ಯಪ್‌ನಲ್ಲಿ, ಆ ನಂಬರಿನ ಅಡಿಯಲ್ಲಿ ಲಸಿಕೆ, ಸೆಮೆನ್ ಹಾಕಿಸಿದ್ದು, ಗಬ್ಬ ಪರೀಕ್ಷೆ, ಕರು ಹಾಕಿದ್ದು ಎಲ್ಲ ಸೇರುತ್ತಾ ಹೋಗುತ್ತದೆ. ಮಾಲೀಕರ ಹೆಸರು, ಮೊಬೈಲ್ ನಂಬರ್ ಕೂಡ ಅಲ್ಲೇ ಇರುತ್ತದೆ.

ಲಸಿಕೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. 2013ರಲ್ಲಿ ಕಾಲುಬಾಯಿ ಜ್ವರ ನಮ್ಮ ಭಾಗದ ಊರೂರನ್ನು ಹೊಕ್ಕು ಹೋದದ್ದು ಹಿರಿಯರಿಗೆ ನೆನಪಿದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಮೇಕೆ ಸಿಡುಬಿನ ಲಸಿಕೆಯನ್ನು ದನಗಳಿಗೆ ಹಾಕಬೇಕಾಯಿತು. ಕಾಲುಬಾಯಿ ಮತ್ತು ಕಂದು ರೋಗ ತಡೆಯಲು 2019ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಮಟ್ಟದ ಕಾರ್ಯಕ್ರಮ ಶುರುವಾಯಿತು. ಕಾಲುಬಾಯಿ ಲಸಿಕೆ ನಾಲ್ಕು ತಿಂಗಳು ತುಂಬಿದ ಕರುವಿನಿಂದ ಹಿಡಿದು ಆರು ತಿಂಗಳಿಗೊಮ್ಮೆ. ಮೊದಲ ಸಲ ಹಾಕಿದಾಗ ಒಂದು ತಿಂಗಳ ಬಳಿಕ ಇನ್ನೊಂದು ಡೋಸ್. ಕಂದು ರೋಗದ್ದು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ಜೀವಮಾನದಲ್ಲಿ ಒಂದೇ ಸಲ.

ಈಗ ಒಂದು ಲೆಕ್ಕ ಹಾಕಿ. ನಿಮ್ಮ ಊರಿನಲ್ಲಿ ನಿಜಕ್ಕೂ 200 ರಾಸುಗಳಿವೆ ಎನ್ನಿ. ಕೇಳಿದಾಗ ಬತ್ತಿದ ಹಸು, ಪಡ್ಡೆ, ಹೋರಿಗರು ಬಿಟ್ಟು ಹೇಳಿದ್ದರಿಂದ ಮೊಬೈಲಿನಲ್ಲಿ 160 ಎಂದಾಯಿತು. ಲಸಿಕೆ 160ಕ್ಕೆ ಬಂತು. ಅದರಲ್ಲೂ ತುಂಬು ಗಬ್ಬ ಎಂದೋ, ಹಾಲು ಇಳಿಯುತ್ತದೆ ಎಂದೋ 30 ರಾಸುಗಳನ್ನು ಹಿಂದೆ ಕಟ್ಟಿದರು. ಹಾಕಿದ್ದು 130ಕ್ಕೆ. ದಾಖಲೆ ನೋಡಿದರೆ 160ರಲ್ಲಿ 130, ಅಂದರೆ ನೂರಕ್ಕೆ 81. ಪರವಾಗಿಲ್ಲ ಎನಿಸುತ್ತದೆ. ನಿಜದಲ್ಲಿ 200ರಲ್ಲಿ 130, ನೂರಕ್ಕೆ 65 ಮಾತ್ರ. ಊರಿನಲ್ಲಿ ರೋಗ ಹರಡದಂತೆ ತಡೆಯಲು ನೂರಕ್ಕೆ ಎಂಬತ್ತಾದರೂ ರಾಸುಗಳಿಗೆ ಲಸಿಕೆಯ ರಕ್ಷಣೆ ಇರಬೇಕು. ಕಾಗದದಲ್ಲಿ ಊರು ಕ್ಷೇಮ, ಕೊಟ್ಟಿಗೆಯಲ್ಲಿ ಅಲ್ಲ. ರೋಗ ಬರುವುದು ಕಾಗದಕ್ಕಲ್ಲ.

ಇನ್ನೊಂದು ಮಾತು. ಅಂದು ಹಿಂದೆ ಕಟ್ಟಿದ ರಾಸಿಗೆ ಮುಂದೆ ಲಸಿಕೆ ಹಾಕಬಹುದು. ಆದರೆ ಅದು ಪಟ್ಟಿಯಲ್ಲಿ "ಬಾಕಿ" ಎಂದು ಇದ್ದರೆ ಮಾತ್ರ ನಮಗೆ ನೆನಪಾಗುತ್ತದೆ. ಪಟ್ಟಿಯಲ್ಲೇ ಇಲ್ಲದ ಹಸುವನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ.

ನಾನು ಮಾಡಿದ ಒಂದು ಫಾರಂ

ಗೂಗಲ್ ಫಾರ್ಮ್ಸ್‌ನಂತಹ ತಂತ್ರಾಂಶದಲ್ಲಿ ಪ್ರಶ್ನಾವಳಿ ತಯಾರಿಸುವುದು ಈಗ ಬಹಳ ಸುಲಭ, ದುಡ್ಡೂ ಬೇಕಿಲ್ಲ. ಪ್ರಶ್ನೆ ಬರೆದು ಲಿಂಕ್ ಕಳಿಸಿದರೆ ಉತ್ತರಗಳೆಲ್ಲ ತಾವಾಗಿಯೇ ಒಂದು ಪಟ್ಟಿಯಾಗಿ ಕೂರುತ್ತವೆ. ಪದೇಪದೇ ಬೆದೆಗೆ ಬಂದು ಗಬ್ಬ ನಿಲ್ಲದ ರಾಸುಗಳ ಬಗ್ಗೆ ತಿಳಿಯಬೇಕೆಂದು ನಾನೂ ಒಂದು ಫಾರಂ ಮಾಡಿ ಕೆಲವು ಸಂಘಗಳ ಗುಂಪಿಗೆ ಹಾಕಿದೆ. 31 ಪ್ರಶ್ನೆಗಳು. ಕೂತು ಮಾಡುವಾಗ ಒಂದೊಂದೂ ಮುಖ್ಯವೆನಿಸಿತ್ತು. ಉತ್ತರ ಬಂದ ಮೇಲೆ ತಲೆ ಕೆಟ್ಟಿತು.

"ಎಷ್ಟು ಹಸು ಇವೆ?" ಎಂದು ಕೇಳಿದ್ದೆ. ಕೆಲವರು ಕರೆಯುವ ಹಸು ಮಾತ್ರ ಹೇಳಿದರು. ಕೆಲವರು ಕರು, ಎತ್ತು ಎಲ್ಲ ಸೇರಿಸಿದರು. ಒಬ್ಬರು ಅಣ್ಣತಮ್ಮಂದಿರ ಪಾಲಿನದನ್ನೂ ಕೂಡಿಸಿದ್ದರು. "ದಿನಕ್ಕೆ ಎಷ್ಟು ಲೀಟರ್?" ಎಂದರೆ ಒಬ್ಬರು ಬೆಳಗಿನದು ಬರೆದರು, ಒಬ್ಬರು ಎರಡು ಹೊತ್ತಿನದು, ಒಬ್ಬರು ಡೇರಿಗೆ ಹಾಕಿದ್ದು ಮಾತ್ರ, ಮನೆಗೆ ಇಟ್ಟುಕೊಂಡದ್ದು ಬಿಟ್ಟು. ಇ-ಮೇಲ್ ಕಡ್ಡಾಯ ಎಂದು ಇಟ್ಟಿದ್ದರಿಂದ ಎಷ್ಟೋ ಜನ ಅಲ್ಲೇ ನಿಂತುಬಿಟ್ಟರು. ಒಂದೇ ಮನೆಯಿಂದ ಅಪ್ಪನದೂ ಬಂತು, ಮಗನದೂ ಬಂತು, ಎರಡಕ್ಕೂ ತಾಳೆ ಇಲ್ಲ. ಒಂದು ಸಂಘದಿಂದ ಬಂದ ಉತ್ತರಗಳೆಲ್ಲ ಅಕ್ಷರಶಃ ಒಂದೇ. ಪಾಪ, ಕಾರ್ಯದರ್ಶಿಗಳು ನನ್ನ ಒತ್ತಾಯಕ್ಕೆ ರಾತ್ರಿ ಕೂತು ತಾವೇ ಎಲ್ಲರದ್ದೂ ತುಂಬಿದ್ದರು.

ಇವೆಲ್ಲ ಸಣ್ಣ ತಪ್ಪುಗಳು. ದೊಡ್ಡ ತಪ್ಪು ಬೇರೆ ಇತ್ತು. "ಬೆದೆ ಯಾವಾಗ ಕಂಡಿರಿ, ಯಾವಾಗ ತಿಳಿಸಿದಿರಿ?" ಎಂಬುದಕ್ಕೆ ಹೆಚ್ಚಿನವರು "ಬೆಳಿಗ್ಗೆ ಕಂಡೆವು, ಬೆಳಿಗ್ಗೆಯೇ ತಿಳಿಸಿದೆವು" ಎಂದು ಬರೆದಿದ್ದರು. ಅದನ್ನು ನಂಬಿದರೆ ಸಮಯದಲ್ಲಿ ತೊಂದರೆ ಇಲ್ಲ, ಸೆಮೆನ್‌ನಲ್ಲೋ ಖನಿಜ ಮಿಶ್ರಣದಲ್ಲೋ ಕೊರತೆ ಇರಬೇಕು ಎಂದು ತೀರ್ಮಾನಿಸಬೇಕಿತ್ತು. ಹಾಗೆಂದು ಬರೆಯಲೂ ಕೂತಿದ್ದೆ.

ಆದರೆ ಮನಸ್ಸು ಒಪ್ಪಲಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಸಂಘಕ್ಕೆ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಹೋಗಿ ನಿಂತೆ. ಕ್ಯಾನ್ ಹಿಡಿದು ಬಂದವರಲ್ಲಿ ಹೆಂಗಸರೇ ಹೆಚ್ಚು. ಅದೇ ಪ್ರಶ್ನೆ ಕೇಳಿದೆ. "ರಾತ್ರಿಯಿಂದಲೇ ಕೂಗ್ತಿತ್ತು ಸಾರ್. ಯಜಮಾನರು ಫ್ಯಾಕ್ಟರಿಯಿಂದ ಬಂದ ಮೇಲೆ ಫೋನ್ ಮಾಡಿಸಿದೆ" ಎಂದರು ಒಬ್ಬರು. ಇನ್ನೊಬ್ಬರದೂ ಸುಮಾರಾಗಿ ಅದೇ ಕಥೆ. ರಾತ್ರಿ ಬೆದೆ ಕಂಡ ಹಸುವಿನ ಸುದ್ದಿ ನಮಗೆ ಮುಟ್ಟುತ್ತಿದ್ದದ್ದು ಮಾರನೆಯ ದಿನ ಮಧ್ಯಾಹ್ನದ ಮೇಲೆ.

ಬೆದೆ ಇರುವುದೇ 12ರಿಂದ 18 ಗಂಟೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ ಸೆಮೆನ್ ಹಾಕಿಸಬೇಕು ಎಂಬ ನಿಯಮ ನಿಮಗೆ ಗೊತ್ತೇ ಇದೆ. ಅದು ತಪ್ಪಿದರೆ ಮತ್ತೆ 21 ದಿನ ಕಾಯಬೇಕು, 21 ದಿನ ಮೇವು ಹಾಕಬೇಕು. ಅಂದರೆ ತೊಂದರೆ ಇದ್ದದ್ದು ಸೆಮೆನ್‌ನಲ್ಲಿ ಅಲ್ಲ, ಸುದ್ದಿ ಮುಟ್ಟುವುದರಲ್ಲಿ. ಫಾರಂ ತುಂಬಿದವರು ಸುಳ್ಳು ಹೇಳಿರಲಿಲ್ಲ. ಅವರು ಹಸು ನೋಡಿಕೊಳ್ಳುವವರಲ್ಲ, ಅಷ್ಟೇ. ಫೋನ್ ಇದ್ದದ್ದು ಒಬ್ಬರ ಕೈಯಲ್ಲಿ, ಕೊಟ್ಟಿಗೆಯ ವಿಷಯ ಗೊತ್ತಿದ್ದದ್ದು ಇನ್ನೊಬ್ಬರಿಗೆ. ನಾನು ಕೇಳಿದ್ದು ಫೋನ್ ಇದ್ದವರನ್ನು.

ಆ ಮೇಲೆ ಫಾರಂ ಅನ್ನು 9 ಪ್ರಶ್ನೆಗೆ ಇಳಿಸಿದೆ. ಇ-ಮೇಲ್ ತೆಗೆದೆ. "ಈಗ ಹಾಲು ಕರೆಯುತ್ತಿರುವುದು ಎಷ್ಟು? ಬತ್ತಿರುವುದು ಎಷ್ಟು? ಪಡ್ಡೆ ಎಷ್ಟು? ಕರು ಎಷ್ಟು?" ಎಂದು ಬಿಡಿಸಿ ಕೇಳಿದೆ. ಆ ಸಂಘದಲ್ಲಿ ಬೆದೆ ಕಂಡ ಹೆಂಗಸರೇ ನೇರವಾಗಿ ಫೋನ್ ಮಾಡುವಂತೆ ಕೃತಕ ಗರ್ಭಧಾರಣೆ ಕಾರ್ಯಕರ್ತರ ನಂಬರನ್ನು ಡೇರಿಯ ಗೋಡೆಗೆ ದೊಡ್ಡದಾಗಿ ಬರೆಸಿದೆವು. ಫಾರಂನಿಂದ ಆದ ಉಪಯೋಗ ಇದೊಂದೇ ಆದರೂ ನನಗೆ ಸಮಾಧಾನವಿದೆ.

ಫಾರಂ ತೆರೆದಾಗ ಕಾಣುವುದೇನು?

ಲಿಂಕ್ ಒತ್ತಿದರೆ ಪ್ರಶ್ನೆಗಳ ಪುಟ ತೆರೆಯುತ್ತದೆ. ಕೆಲವು ಗುರುತುಗಳು ಗೊತ್ತಿದ್ದರೆ ಹೆದರಿಕೆ ಇರುವುದಿಲ್ಲ.

ಪ್ರಶ್ನೆಯ ಪಕ್ಕ ಕೆಂಪು ನಕ್ಷತ್ರ ಇದ್ದರೆ ಅದಕ್ಕೆ ಉತ್ತರ ಕಡ್ಡಾಯ. ಉಳಿದವನ್ನು ಬಿಡಬಹುದು.

ಉತ್ತರದ ಮುಂದೆ ದುಂಡನೆಯ ಸೊನ್ನೆ ಇದ್ದರೆ ಒಂದನ್ನು ಮಾತ್ರ ಆರಿಸಬಹುದು. ಚೌಕ ಇದ್ದರೆ ಎಷ್ಟು ಬೇಕಾದರೂ ಆರಿಸಬಹುದು. "ಯಾವ ಮೇವು ಬೆಳೆಯುತ್ತೀರಿ?" ಎಂಬಲ್ಲಿ ಚೌಕ ಇದ್ದರೆ ಜೋಳವನ್ನೂ ನೇಪಿಯರ್ ಹುಲ್ಲನ್ನೂ ಎರಡನ್ನೂ ಒತ್ತಿ.

ಕೊನೆಯಲ್ಲಿ "ಸಬ್‌ಮಿಟ್" ಅಥವಾ "ಸಲ್ಲಿಸಿ" ಒತ್ತದಿದ್ದರೆ ಏನೂ ಹೋಗಿರುವುದಿಲ್ಲ. ಒತ್ತಿದ ಮೇಲೆ "ನಿಮ್ಮ ಉತ್ತರ ದಾಖಲಾಗಿದೆ" ಎಂಬ ಅರ್ಥದ ಮಾತು ಬರುತ್ತದೆ. ಅದು ಬರದೆ ಪುಟ ಮೇಲಕ್ಕೆ ಜಿಗಿದು ಕೆಂಪು ಅಕ್ಷರ ಕಂಡರೆ ಯಾವುದೋ ಕಡ್ಡಾಯ ಪ್ರಶ್ನೆ ಬಿಟ್ಟಿದ್ದೀರಿ ಎಂದರ್ಥ.

ಲಿಂಕ್‌ನಲ್ಲಿ ಬರುವ ಫಾರಂ ತುಂಬಲು ಇಂಟರ್‌ನೆಟ್ ಬೇಕು. ಬೆಟ್ಟದ ತಪ್ಪಲಿನ ಊರುಗಳಲ್ಲಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಹಾಗಿದ್ದಾಗ ಉತ್ತರಗಳನ್ನು ಮೊದಲು ಚೀಟಿಯಲ್ಲಿ ಬರೆದಿಟ್ಟುಕೊಂಡು, ಸಿಗ್ನಲ್ ಇರುವ ಕಡೆ ಒಮ್ಮೆಲೇ ತುಂಬಿ. ಚೀಟಿಯಲ್ಲಿ ನಂಬರಿನ ಪಕ್ಕ ಹಸುವಿನ ಬಣ್ಣವನ್ನೂ ಬರೆಯಿರಿ. ಯಾಕೆಂದು ಮೇಲೆ ಹೇಳಿದ್ದೇನೆ.

ನೀವು ಮಾಡಬೇಕಾದ್ದು

1. ಪ್ರತಿ ರಾಸಿನ ಮುಖ ಮತ್ತು ಓಲೆ ಒಟ್ಟಿಗೆ ಕಾಣುವಂತೆ, ಅಂಕಿ ಓದಲು ಬರುವಂತೆ ಒಂದು ಫೋಟೋ ತೆಗೆದಿಡಿ. ಮನೆಯ ಇಬ್ಬರ ಫೋನಿನಲ್ಲಿ ಇರಲಿ.

2. ಎಲ್ಲ ಓಲೆ ನಂಬರುಗಳನ್ನು ಹಸುವಿನ ಹೆಸರು, ಬಣ್ಣ, ಎಷ್ಟನೇ ಸೂಲು ಎಂಬುದರೊಂದಿಗೆ ಹಾಲಿನ ಪಾಸ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡಿ.

3. ಲಸಿಕೆ ಹಾಕುವವರು, ಗಣತಿಯವರು, ನಾವು, ಯಾರೇ ಬಂದು ಮೊಬೈಲಿನಲ್ಲಿ ಬರೆದುಕೊಂಡರೂ "ಏನು ಬರೆದಿರಿ, ಒಮ್ಮೆ ಓದಿ" ಎಂದು ಕೇಳಿ. ಕೇಳಲು ಸಂಕೋಚ ಬೇಡ. ನಾವು ಬೇಸರ ಮಾಡಿಕೊಳ್ಳುವುದಿಲ್ಲ.

4. ನಿಮ್ಮ ಹೆಸರಿನ ಎದುರು ಯಾವ ಮೊಬೈಲ್ ನಂಬರ್ ಇದೆ ಎಂದು ತಿಳಿದುಕೊಳ್ಳಿ. ಬೆಂಗಳೂರಿನಲ್ಲಿರುವ ಮಗನದೋ, ಬಿಟ್ಟುಹೋದ ಹಳೆಯ ಸಿಮ್‌ನದೋ ಇದ್ದರೆ ಸಂದೇಶ ನಿಮಗೆ ಮುಟ್ಟುವುದಿಲ್ಲ. ಬದಲಾಯಿಸಿಕೊಳ್ಳಿ.

5. ರಾಸು ಮಾರಿದರೆ, ಕೊಂಡರೆ, ಸತ್ತರೆ ತಿಳಿಸಿ. ಘಾಟಿ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಂಡು ತಂದರೂ ಅಷ್ಟೇ: ಓಲೆ ಇದ್ದರೆ ಹಳೆಯ ಮಾಲೀಕರ ಹೆಸರಿನಿಂದ ನಿಮ್ಮ ಹೆಸರಿಗೆ ವರ್ಗವಾಗಬೇಕು.

6. ಓಲೆ ಬಿದ್ದುಹೋದರೆ ಕೂಡಲೇ ಹೇಳಿ. ಹೊಸ ಓಲೆ ಹಾಕಿದಾಗ ಹಳೆಯ ನಂಬರಿಗೆ ಜೋಡಿಸಿದ್ದಾರೆಯೇ ಎಂದು ಕೇಳಿ. ವಿಮೆ ಇದ್ದರೆ ವಿಮೆಯವರಿಗೂ ಬರಹದಲ್ಲಿ ತಿಳಿಸಿ.

7. ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಎಂದೇ ಹೇಳಿ. ಅಂದಾಜಿನ ಉತ್ತರಕ್ಕಿಂತ ಅದು ನಮಗೆ ಹೆಚ್ಚು ಉಪಯೋಗ.

8. ಹಾಲು ಕರೆಯುವವರು, ಮೇವು ಹಾಕುವವರು ಯಾರೋ ಅವರೇ ಉತ್ತರ ಹೇಳಲಿ. ಒತ್ತುವ ಕೆಲಸ ಬೇಕಾದರೆ ಮಕ್ಕಳು ಮಾಡಲಿ.

ಎಚ್ಚರಿಕೆಯೂ ಇರಲಿ

ಎಲ್ಲ ಲಿಂಕ್‌ಗಳೂ ಒಳ್ಳೆಯವಲ್ಲ. "ಪ್ರೋತ್ಸಾಹಧನ ಬಾಕಿ ಇದೆ, ಹಸು ಸಾಲ ಮಂಜೂರಾಗಿದೆ, ಈ ಫಾರಂ ತುಂಬಿ" ಎಂದು ಬರುವ ಸಂದೇಶಗಳಲ್ಲಿ ಮೋಸದವೂ ಇರುತ್ತವೆ. ಒಂದು ಗೆರೆ ಹಾಕಿಕೊಳ್ಳಿ. ರಾಸುಗಳ ಸಂಖ್ಯೆ, ಮೇವು, ರೋಗ, ಹಾಲು ಕೇಳಿದರೆ ಅದು ಸಮೀಕ್ಷೆ. ಎಟಿಎಂ ಕಾರ್ಡಿನ ನಂಬರ್, ಯುಪಿಐ ಪಿನ್ ಕೇಳಿದರೆ ಅದು ಕಳ್ಳತನ. ಹಣ ಪಡೆಯಲು ಯಾವತ್ತೂ ಪಿನ್ ಒತ್ತಬೇಕಾಗಿಲ್ಲ. "ಎಪಿಕೆ" ಎಂದು ಕೊನೆಯಾಗುವ ಫೈಲ್ ಕಳಿಸಿ ಹಾಕಿಕೊಳ್ಳಿ ಎಂದರೆ ಮುಟ್ಟಬೇಡಿ.

ಓಟಿಪಿ ವಿಷಯದಲ್ಲಿ ಗೊಂದಲ ಬೇಡ. ಓಲೆ ಹಾಕಿದಾಗ, ಮಾಲೀಕರ ಹೆಸರು ನೋಂದಾಯಿಸುವಾಗ ನಿಮ್ಮ ಫೋನಿಗೆ ಓಟಿಪಿ ಬರುವುದುಂಟು. ನಿಮ್ಮ ಎದುರಿಗೇ ಇದ್ದು, ನಿಮ್ಮ ಹಸು ಮುಟ್ಟಿ ಕೆಲಸ ಮಾಡುತ್ತಿರುವ ಪರಿಚಯದ ಸಿಬ್ಬಂದಿ ಕೇಳಿದರೆ, ಸಂದೇಶ ಏತಕ್ಕೆಂದು ಓದಿಕೊಂಡು ಹೇಳಿ. ಫೋನಿನಲ್ಲಿ ಯಾರೋ ಕೇಳಿದರೆ, ನಾನೇ ಡಾಕ್ಟರ್ ಎಂದರೂ ಹೇಳಬೇಡಿ. ಸಂಶಯ ಬಂದರೆ ಮೊದಲು ಸಂಘದ ಕಾರ್ಯದರ್ಶಿಗೆ ತೋರಿಸಿ. ಹಣ ಹೋಗಿದೆ ಎಂದು ಗೊತ್ತಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ರಾಸಿಗೆ ತುರ್ತು ಚಿಕಿತ್ಸೆ ಬೇಕಾದರೆ 1962.

ಕಾರ್ಯದರ್ಶಿಗಳಲ್ಲಿ ಒಂದು ಮನವಿ

ನಮ್ಮಿಂದ ಫಾರಂ ಬಂದಾಗ ದಯವಿಟ್ಟು ನೀವೇ ಎಲ್ಲರದ್ದೂ ತುಂಬಬೇಡಿ. ಹತ್ತು ಜನರದ್ದೇ ಬರಲಿ, ಆದರೆ ಅವರ ಬಾಯಿಂದ ಬರಲಿ. ಪ್ರಶ್ನೆ ಅರ್ಥವಾಗದಿದ್ದರೆ, ಉದ್ದವಾಗಿದ್ದರೆ ನಮಗೆ ಬೈದು ತಿಳಿಸಿ. ಫೋನ್ ಇಲ್ಲದ ಸದಸ್ಯರನ್ನು ಹಾಲು ಹಾಕುವ ಹೊತ್ತಿಗೆ ಕೇಳಿ ಬರೆದುಕೊಳ್ಳಿ. ಅವರ ರಾಸೂ ರಾಸೇ.

ಗೌರಿ ಹೋದ ಮೇಲೆ ಆ ತಾಯಿ ಇನ್ನೊಂದು ಪಡ್ಡೆ ತಂದರು. ಓಲೆ ಹಾಕಲು ಹೋದೆ. ನಾನು ನಂಬರ್ ಒತ್ತುವ ಮೊದಲೇ ಅವರು ಮಗಳನ್ನು ಕರೆದು ಫೋಟೋ ತೆಗೆಸಿದರು. ಆ ಮೇಲೆ ಕನ್ನಡಕ ಹಾಕಿಕೊಂಡು ಓಲೆಯ ಹತ್ತಿರ ಬಗ್ಗಿ, "ಈಗ ಓದಿ ಡಾಕ್ಟ್ರೇ" ಎಂದರು. ನಾನು ಹನ್ನೆರಡು ಅಂಕಿ ಓದಿದೆ. ಅವರು ಒಂದೊಂದಕ್ಕೂ ತಲೆಯಾಡಿಸಿದರು. ನಿಮ್ಮ ಮನೆಗೆ ಬಂದಾಗಲೂ ನನ್ನಿಂದ ಹಾಗೆಯೇ ಓದಿಸಿ.